ಶನಿವಾರದ ಸಭೆ ಮತ್ತು ಮೆಟ್ಟಿಲಿನ ಫೈಲು

ನಮ್ಮ ರಾತ್ರಿ ಶಾಲೆಯಲ್ಲಿ ಕಲಿತವರಲ್ಲಿ ಹೋಟೆಲ್ ಧಣಿಗಳಾದವರಿದ್ದಾರೆ, ಬ್ಯಾಂಕ್ ಮ್ಯಾನೇಜರುಗಳಾದವರಿದ್ದಾರೆ, ವಕೀಲರಿದ್ದಾರೆ. ಅವರ ಬಗ್ಗೆ ಈ ಸಂಚಿಕೆಯಲ್ಲಿ ಬೇರೆಯವರು ಬರೆದೇ ಬರೆಯುತ್ತಾರೆ. ನನಗೆ ಹೇಳಲಿಕ್ಕಿರುವುದು ಶನಿವಾರದ ಕೊನೆಯ ಪಿರಿಯಡ್ಡಿನ ಸಂಗತಿ.

ಎಂಬತ್ತರ ದಶಕ. ನಾವೆಲ್ಲ ಮುಂಬಯಿಯ ಫೋರ್ಟಿನ ಕ್ಯಾಂಟೀನುಗಳಲ್ಲಿ ಕ್ಲೀನರ್, ಸಪ್ಲೈಯರ್ ಆಗಿದ್ದ ಊರ ಹುಡುಗರು. ಸಂಜೆಯ ಚಾ ಗಲಾಟೆ ಮುಗಿಸಿ, ಅಂಗಿಗೆ ಸಾಂಬಾರಿನ ವಾಸನೆ ಇದ್ದ ಹಾಗೆಯೇ ಓಡಿ ಬರುತ್ತಿದ್ದೆವು. ಕಟ್ಟಡ ನಮ್ಮದಲ್ಲ. ಹಗಲು ಅಲ್ಲಿ ಪ್ರಾಥಮಿಕ ಶಾಲೆ. ಬೆಂಚುಗಳು ಆರೇಳು ವರ್ಷದ ಮಕ್ಕಳ ಅಳತೆಯವು. ಮೀಸೆ ಬಂದ ನಾವು ಮೊಣಕಾಲು ಹೊರಗೆ ಚಾಚಿ ಓರೆಯಾಗಿ ಕೂತು ಬರೆಯಬೇಕಿತ್ತು.

ಪೌರನೀತಿ ಅಂದರೆ ಯಾರಿಗೂ ಲೆಕ್ಕಕ್ಕಿಲ್ಲದ ವಿಷಯ. ಆದರೆ ಅದನ್ನು ಕಲಿಸುತ್ತಿದ್ದ ಮಾಷ್ಟ್ರು ಶನಿವಾರದ ಪಿರಿಯಡ್ಡನ್ನು ಪಾಲಿಕೆಯ ಸಭೆ ಮಾಡಿಬಿಟ್ಟಿದ್ದರು. ಮೊದಲು ಎಲ್ಲರಿಗೂ ಮೇಯರ್ ಆಗುವ ಆಸೆ. ಗಲ್ಲಿಯ ಭಾಷಣಗಳಲ್ಲಿ ಕೇಳಿದ ಮರಾಠಿಯನ್ನು ಕನ್ನಡಕ್ಕೆ ಬೆರೆಸಿ, ಮೇಜು ಗುದ್ದಿ ಮಾತಾಡುವುದು. ಮಾಷ್ಟ್ರು ಅಡ್ಡ ಬರುತ್ತಿರಲಿಲ್ಲ. ಉಸಿರು ಮುಗಿದ ಮೇಲೆ ಕೇಳುತ್ತಿದ್ದರು: "ಆಯ್ತು ಮಾರಾಯ, ಈ ಕೆಲಸ ಯಾವ ಇಲಾಖೆಯದ್ದು? ಯಾವ ನಿಯಮದಲ್ಲಿ ಬರ್ತದೆ? ಅರ್ಜಿ ಕೊಟ್ಟಿದ್ರೆ ಇನ್‌ವರ್ಡ್ ನಂಬರ್ ಎಲ್ಲುಂಟು?" ಅಲ್ಲಿಗೆ ಮೇಯರ್ ಸಾಹೇಬರ ಬಾಯಿ ಬಂದ್.

ನಮ್ಮ ತಂಡದ ಪಾಲಿಗೆ ಬಂದದ್ದು ಮೆಟ್ಟಿಲಿನ ದೀಪ. ಹಗಲು ಶಾಲೆ ಬಿಟ್ಟೊಡನೆ ಮೆಟ್ಟಿಲಿನ ಮೇನ್ ಸ್ವಿಚ್ಚಿದ್ದ ಕೋಣೆಗೆ ಬೀಗ. ರಾತ್ರಿ ಒಂಬತ್ತೂವರೆಗೆ ಕತ್ತಲಲ್ಲಿ ಗೋಡೆ ತಡವಿಕೊಂಡು ಇಳಿಯಬೇಕು. ಒಬ್ಬ ಹೋಟೆಲ್ ಧಣಿಗಳು, "ವಯರು, ಬಲ್ಬು ನಾನೇ ಹಾಕಿಸ್ತೇನೆ" ಎಂದರು. ಮಾಷ್ಟ್ರು ಕೈಮುಗಿದು ಬೇಡ ಎಂದರು. ನಮಗೆ ಸಿಟ್ಟೇ ಬಂತು. ಅವರ ಲೆಕ್ಕ ಬೇರೆ ಇತ್ತು. ಕಾಗದ ಹುಡುಕಿಸಿದಾಗ ಗೊತ್ತಾಯಿತು, ರಾತ್ರಿ ಶಾಲೆಗೆ ಕೊಟ್ಟ ಅನುಮತಿ ಪತ್ರದಲ್ಲಿ 'ಕೊಠಡಿಗಳು' ಎಂದಷ್ಟೇ ಇತ್ತು. ಮೆಟ್ಟಿಲಿಲ್ಲ, ಶೌಚಾಲಯವೂ ಇಲ್ಲ. ಅಂದರೆ ಇಂಥ ಪತ್ರ ಇಟ್ಟುಕೊಂಡ ಬೇರೆ ರಾತ್ರಿ ಶಾಲೆಗಳಿಗೂ ಇದೇ ಗತಿ. ಬಲ್ಬಿನಿಂದ ನಮ್ಮ ಮೆಟ್ಟಿಲು ಬೆಳಗೀತು, ಪತ್ರದ ಸಾಲು ಬದಲಾದರೆ ಎಲ್ಲರದ್ದೂ.

ಆ ಸಾಲು ಬದಲಿಸಿ ಎಂಬ ಅರ್ಜಿಯ ಹಿಂದೆ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲನೆಯದಕ್ಕೆ. ಸಾಹೇಬರು ಊಟಕ್ಕೆ, ಸಾಹೇಬರು ಮೀಟಿಂಗಿಗೆ, ಸಾಹೇಬರಿಗೆ ಬದಲಿ. ನಾವು ಹತ್ತನೆಯದು ಮುಗಿಸಿ ಹೊರಬಿದ್ದಾಗ ಫೈಲನ್ನು ಒಂಬತ್ತನೆಯವರಿಗೆ ಒಪ್ಪಿಸಬೇಕಾಯಿತು: ತಾರೀಖು, ಇನ್‌ವರ್ಡ್ ನಂಬರ್, ಯಾರು ಏನೆಂದರು ಎಲ್ಲ ಬರೆದು, ಸಹಿ ಹಾಕಿ. ಅವರೂ ಹಾಗೆಯೇ ಕೆಳಗಿನವರಿಗೆ ಕೊಟ್ಟರು. ಕೊನೆಗೆ ಪತ್ರದಲ್ಲಿ 'ಮೆಟ್ಟಿಲು ಹಾಗೂ ಶೌಚಾಲಯ' ಸೇರಿದಾಗ ಶಾಲೆಯಲ್ಲಿದ್ದ ಹುಡುಗರ ಮುಖ ನಮಗೆ ಗೊತ್ತಿರಲಿಲ್ಲ.

ಒಮ್ಮೆ ಮಾಷ್ಟ್ರು ನಮ್ಮನ್ನು ಪುಣೆಗೆ ಕರೆದೊಯ್ದರು. ನಾವು ಶನಿವಾರವಾಡೆ ಎಂದುಕೊಂಡರೆ, ಅವರು ಹೋದದ್ದು ಗೋಖಲೆಯವರ ಭಾರತ ಸೇವಕ ಸಮಾಜಕ್ಕೆ (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ). ಗೋಪಾಲ ಕೃಷ್ಣ ಗೋಖಲೆ ದೇಶಸೇವೆಗೆ ಜನರನ್ನು ತಯಾರು ಮಾಡಲು 1905ರ ಜೂನ್ 12ರಂದು ಕಟ್ಟಿದ ಸಂಸ್ಥೆ. ಸೇರಿದವನಿಗೆ ಐದು ವರ್ಷ ತರಬೇತಿ: ಓದು, ದೇಶ ಸುತ್ತಾಟ, ಅಂಕಿಅಂಶದ ಅಭ್ಯಾಸ. "ಐದು ವರ್ಷ ಭಾಷಣ ಮಾಡ್ಲಿಕ್ಕಿಲ್ವಾ ಸರ್?" ಎಂದು ನಮ್ಮಲ್ಲೊಬ್ಬ ಕೇಳಿದ. ಮಾಷ್ಟ್ರು ನಕ್ಕರು.

ಅಲ್ಲಿ ಅವರು ಹೇಳಿದ ಒಂದು ಕತೆ ನನ್ನ ತಲೆಯಿಂದ ಹೋಗಿಲ್ಲ. 1911ರಲ್ಲಿ ಗೋಖಲೆ ಬ್ರಿಟಿಷರ ಕಾಲದ ಕೇಂದ್ರ ಶಾಸನ ಪರಿಷತ್ತಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಕೇಳಿದ್ದು ಬಹಳವೇನಲ್ಲ. ಆರರಿಂದ ಹತ್ತು ವರ್ಷದ ಗಂಡುಮಕ್ಕಳು, ಅದೂ ಸ್ಥಳೀಯ ಸಂಸ್ಥೆ ಒಪ್ಪಿದ ಕಡೆ. ಮರುವರ್ಷ 38ಕ್ಕೆ 13 ಮತಗಳಿಂದ ಬಿತ್ತು. ಬೀಳುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ನಮ್ಮ ತಲೆಮಾರು ದೇಶಕ್ಕೆ ಸೋಲಿನ ಮೂಲಕವೇ ಸೇವೆ ಸಲ್ಲಿಸಬೇಕು, ಗೆದ್ದು ಸಲ್ಲಿಸುವವರು ಮುಂದೆ ಬರುತ್ತಾರೆ ಎಂಬರ್ಥದ ಮಾತನ್ನು ಸದನದಲ್ಲೇ ಆಡಿದರು. 1915ರಲ್ಲಿ ತೀರಿಕೊಂಡರು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತ್ಯದಲ್ಲಿ ನಗರಸಭೆಗಳಿಗೆ ಕಡ್ಡಾಯ ಮಾಡುವ ಅಧಿಕಾರ ಸಿಕ್ಕಿತು. ಮಾಷ್ಟ್ರ ಕತೆ ಅಲ್ಲಿಗೆ ನಿಂತಿತ್ತು. ಆಮೇಲಿನದ್ದನ್ನು ನಾವೇ ಕಂಡೆವು: 2002ರಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದ ಸಂವಿಧಾನದ 86ನೇ ತಿದ್ದುಪಡಿ, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ.

ಗೋಖಲೆಯವರ ಗರಡಿಯಲ್ಲಿ ಪಳಗಿದವರನ್ನೂ ನೋಡಿ. ಎನ್.ಎಂ. ಜೋಶಿ 1911ರಲ್ಲಿ ಮುಂಬಯಿಯಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿ ಗಿರಣಿ ಕಾರ್ಮಿಕರಿಗೆ ರಾತ್ರಿ ಶಾಲೆ ನಡೆಸಿದರು. ಮುಂದೆ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕರ ಪರ ಮಾತಾಡಿದ್ದೂ ಅವರೇ. ಠಕ್ಕರ್ ಬಾಪಾ ಮುಂಬಯಿ ಪಾಲಿಕೆಯ ಎಂಜಿನಿಯರ್ ಕೆಲಸ ಬಿಟ್ಟು 1914ರಲ್ಲಿ ಗೋಖಲೆಯವರ ಸಮಾಜ ಸೇರಿದವರು. ಝಾಡೂ ಕೆಲಸದವರ ಬದುಕನ್ನು ಕಚೇರಿಯೊಳಗಿಂದ ಕಂಡು ಬಂದವರು.

ಈಗ ನಮ್ಮ ಸಂಘಸಂಸ್ಥೆಗಳೂ 'ಯುವ ನಾಯಕತ್ವ ಶಿಬಿರ' ಮಾಡುತ್ತವೆ. ಹಾಲ್ ಬುಕ್ಕಿಂಗ್, ಬ್ಯಾನರ್, ಶಾಲು, ಮಧ್ಯಾಹ್ನ ಪುಷ್ಕಳ ಊಟ. ನಾನೂ ಒಂದೆರಡು ಕಡೆ ಅತಿಥಿಯಾಗಿ ಉಂಡು ಬಂದಿದ್ದೇನೆ, ದೂರುವುದಿಲ್ಲ. ಆದರೆ ಸ್ಟೇಜ್ ಹೆದರಿಕೆ ಬಿಡಿಸುವುದನ್ನೇ ನಾಯಕತ್ವ ಅಂದರೆ ಹೇಗೆ? ವಾರ್ಡ್ ಆಫೀಸಿನ ಬಜೆಟ್ ಪುಸ್ತಕ ಬಿಡಿಸಿ ನೋಡಲು ಕಲಿಸುವ ಶಿಬಿರ ಒಂದನ್ನೂ ಕಾಣೆ. ಮಹಾರಾಷ್ಟ್ರ ಸರಕಾರದ ಮುಖ್ಯಮಂತ್ರಿ ಫೆಲೋಶಿಪ್, ಸಂಸದರ ಜೊತೆ ಕೆಲಸ ಮಾಡಿಸುವ ಲ್ಯಾಂಪ್ ಫೆಲೋಶಿಪ್ ಒಳ್ಳೆಯವೇ. ಆದರೆ ಅವು ಪದವೀಧರರಿಗೆ, ಅದೂ ಸುಮಾರು ಒಂದು ವರ್ಷದ ಮಟ್ಟಿಗೆ. ವರ್ಷ ಮುಗಿದ ಮೇಲೆ ಫೈಲು ಯಾರ ಕೈಗೆ? ಇಪ್ಪತ್ತೊಂದಾದರೆ ಕಾರ್ಪೊರೇಟರ್ ಚುನಾವಣೆಗೆ ನಿಲ್ಲಬಹುದು ಅನ್ನುವುದು ನಮ್ಮ ಎಷ್ಟು ಹುಡುಗರಿಗೆ ಗೊತ್ತು? ನನ್ನ ಬೆಂಚಿನ ಗೆಳೆಯ ಅಂಧೇರಿಯ ಸ್ಥಳೀಯ ಸ್ವಾಯತ್ತ ಆಡಳಿತ ಸಂಸ್ಥೆಯಲ್ಲಿ ಸ್ಯಾನಿಟರಿ ಇನ್ಸ್‌ಪೆಕ್ಟರ್ ಕೋರ್ಸ್ ಮಾಡಿ ನೌಕರಿ ಹಿಡಿದ. ಯಾವ ಶಿಬಿರಕ್ಕೂ ಹೋದವನಲ್ಲ. ನಿವೃತ್ತನಾಗುವ ಮುಂಚೆ ತನ್ನ ಕೈಕೆಳಗಿನವರಿಗೆ ಫೈಲುಗಳನ್ನು ಸಹಿ ಹಾಕಿಸಿಕೊಂಡೇ ಒಪ್ಪಿಸಿದನಂತೆ.

ಈಗಿನ ವಿದ್ಯಾರ್ಥಿಗಳಿಗೆ ಒಂದು ವಿಷಯ. ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕಕ್ಕೆ ನಿಲ್ಲುತ್ತದೆ. ಹೋಟೆಲ್ ಕೆಲಸಕ್ಕೆ ನಿಷೇಧವೂ ಹದಿನಾಲ್ಕರೊಳಗಿನವರಿಗೇ. ಹದಿನೈದರ ಹುಡುಗ ಪ್ಲೇಟು ತೊಳೆಯಲು ಕಾನೂನಿನ ಅಡ್ಡಿಯಿಲ್ಲ, ಪುಕ್ಕಟೆ ಶಾಲೆ ಕೇಳುವ ಹಕ್ಕೂ ಆ ಕಾಯ್ದೆಯಲ್ಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹದಿನೆಂಟರವರೆಗೆ ಎನ್ನುತ್ತದೆ. ನೀತಿ ಕಾಯ್ದೆಯಾಗಲು ಯಾರಾದರೂ ಬೆನ್ನು ಹತ್ತಬೇಕು. ಈ ಬಗ್ಗೆ ನಾನು ಕೂಡಿಟ್ಟ ಕಾಗದಗಳು, ಕೊಟ್ಟ ಅರ್ಜಿಗಳು, ಬಂದ ಉತ್ತರಗಳು ಎಲ್ಲ ತಾರೀಖಿನ ಪ್ರಕಾರ ಜೋಡಿಸಿವೆ. ಇಪ್ಪತ್ತರ ಆಸುಪಾಸಿನ ಇಬ್ಬರು ಮೂವರು ಮುಂದೆ ಬಂದರೆ ಯಾವ ಶನಿವಾರವಾದರೂ ಶಾಲೆಗೆ ಬಂದು ಒಪ್ಪಿಸುತ್ತೇನೆ. ಸಹಿ ಮಾತ್ರ ಹಾಕಬೇಕು.