ಡುರಿಯನ್ ಮರದ ಕೆಳಗೆ ಗೋಣಿಚೀಲ ಹಿಡಿದು ನಿಂತವನು

ಥಾಯ್ಲೆಂಡಿನ ಚಂತಬುರಿ ಕಡೆಯ, ಡುರಿಯನ್ ಅನ್ನುವ ಹಲಸಿನಂಥ ಹಣ್ಣಿನ ಕೊಯ್ಲಿನ ವಿಡಿಯೋ ಒಂದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಒಬ್ಬ ಮರದ ಮೇಲೆ, ಇನ್ನೊಬ್ಬ ಕೆಳಗೆ. ಮೇಲಿನವನು ತೊಟ್ಟು ಕತ್ತರಿಸಿ ಬಿಡುತ್ತಾನೆ, ಮೂರು ಕಿಲೋ ತೂಗುವ ಮುಳ್ಳಿನ ಉಂಡೆ ಸೀದಾ ಕೆಳಗೆ ಬರುತ್ತದೆ, ಕೆಳಗಿನವನು ಅದನ್ನು ಗೋಣಿಚೀಲದಲ್ಲಿ ಸುತ್ತಿ ಹಿಡಿದು ಪಕ್ಕಕ್ಕೆ ಇಡುತ್ತಾನೆ. ತಲೆಗೆ ಹೆಲ್ಮೆಟ್ಟೂ ಇಲ್ಲ! ನೆಲಕ್ಕೆ ಬಿದ್ದು ಬಿರುಕು ಬಿಟ್ಟರೆ ಆ ಕಾಯಿ ಚೀನಾಕ್ಕೆ ಹೋಗುವ ಪೆಟ್ಟಿಗೆಗೆ ಸೇರುವುದಿಲ್ಲ, ಅಷ್ಟೇ.

ಥಾಯ್ಲೆಂಡಿನ ತಾಜಾ ಡುರಿಯನ್ ಬಹುಪಾಲು ಕೊಳ್ಳುವುದು ಚೀನಾವೇ. ಹೆಚ್ಚಾಗಿ ಹೋಗುವುದು ಮೊನ್‌ಥೊಂಗ್ ತಳಿ. ಹೆಸರಿನ ಅರ್ಥ ಚಿನ್ನದ ದಿಂಬು. ನನಗೆ ಇದರಲ್ಲಿ ಮಜಾ ಅನ್ನಿಸುವುದು ಬೆಳೆಯುವ ಕಥೆಯಲ್ಲ, ಯಾವತ್ತು ಕೊಯ್ಯಬೇಕು ಅನ್ನುವ ಜಗಳ. ಹಂಗಾಮಿನ ಶುರುವಿನಲ್ಲಿ ರೇಟು ಜಾಸ್ತಿ, ಹಾಗಾಗಿ ಬಲಿಯದ ಕಾಯಿಯನ್ನೇ ಇಳಿಸಿಬಿಡುವ ಆಸೆ. ಅದು ಎಷ್ಟು ದಿನ ಇಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ. ಒಂದು ಸಲ ಸಪ್ಪೆ ಹಣ್ಣು ತಿಂದವನು ಆಮೇಲೆ ತೋಟದ ಹೆಸರು ಕೇಳುತ್ತಾನಾ? 'ಥಾಯ್ ಡುರಿಯನ್ನೇ ಹಿಂಗೆ' ಅಂತಾನೆ.

ಅನುಭವಸ್ಥರು ಕಾಯಿಯನ್ನು ತಟ್ಟಿ ಸದ್ದು ಕೇಳಿ ಹೇಳುತ್ತಾರೆ. ಆದರೆ ಸರ್ಕಾರಕ್ಕೆ ಸದ್ದು ಸಾಲದು, ಅಂಕಿ ಬೇಕು. ಅದಕ್ಕೆ ತೊಳೆಯನ್ನು ತೂಗಿ, ನೀರೆಲ್ಲಾ ಆರುವ ತನಕ ಮೈಕ್ರೋವೇವಿನಲ್ಲಿ ಒಣಗಿಸಿ, ಮತ್ತೆ ತೂಗುತ್ತಾರೆ. ಮೊನ್‌ಥೊಂಗ್‌ನಲ್ಲಿ ಒಣ ಅಂಶ ಶೇಕಡಾ 32 ಆದರೂ ಇರಬೇಕು ಅನ್ನುವುದು ಬಹಳ ಕಾಲದಿಂದ ನಡೆದುಬಂದ ಅಳತೆ. ಇಷ್ಟೆಲ್ಲಾ ಮಾಡಿಯೂ 2025ರ ಜನವರಿಯಲ್ಲಿ ಬೇರೆಯದೇ ಪೆಟ್ಟು ಬಿತ್ತು. ಬೇಸಿಕ್ ಯೆಲ್ಲೋ 2 ಅನ್ನುವ, ತಿನ್ನುವುದಕ್ಕೆ ಹಾಕಬಾರದ ಹಳದಿ ಬಣ್ಣ ಹಣ್ಣಿನಲ್ಲಿ ಸಿಕ್ಕಿದ್ದಕ್ಕೆ, ಲ್ಯಾಬ್ ರಿಪೋರ್ಟ್ ಇಲ್ಲದೆ ಸರಕು ಒಳಗೆ ಬಿಡುವುದಿಲ್ಲ ಅಂತ ಚೀನಾ ಪಟ್ಟು ಹಿಡಿಯಿತು. ಕೊಳ್ಳುವವನು ಒಬ್ಬನೇ ಆದರೆ ಹೀಗೇ ಅಲ್ವಾ, ಅವನು ಕೆಮ್ಮಿದರೆ ಇವರಿಗೆ ಜ್ವರ. ಅದೂ ಅಲ್ಲದೆ 2022ರಿಂದ ವಿಯೆಟ್ನಾಂ ಡುರಿಯನ್ನಿಗೂ ಅದೇ ಬಾಗಿಲು ತೆರೆದಿದೆ.

ಕೋಳಿ ಮಾಂಸದಲ್ಲಿ ಥಾಯ್ಲೆಂಡಿನವರು ಇದಕ್ಕಿಂತ ದೊಡ್ಡ ಪೆಟ್ಟು ತಿಂದಿದ್ದಾರೆ. 2004ರಲ್ಲಿ ಹಕ್ಕಿಜ್ವರ ಬಂದಾಗ ಜಪಾನ್, ಯುರೋಪ್ ಎರಡೂ ಹಸಿ ಕೋಳಿ ಬೇಡ ಅಂದವು. ಬೇಯಿಸಿದರೆ ವೈರಸ್ ಸಾಯುತ್ತದೆ. ಸರಿ, ಬೇಯಿಸಿಯೇ ಕಳಿಸೋಣ ಅಂತ ಕಂಪನಿಗಳು ಹುರಿಯುವ, ಸುಡುವ, ಹಬೆಯಲ್ಲಿ ಬೇಯಿಸುವ ಕೆಲಸಕ್ಕೆ ಇಳಿದವು. ಯುರೋಪ್ ಹಸಿ ಮಾಂಸಕ್ಕೆ ಮತ್ತೆ ಒಪ್ಪಿದ್ದು 2012ರಲ್ಲಿ. ಅಷ್ಟರಲ್ಲಿ ಬೇಯಿಸಿದ ಕೋಳಿಯೇ ದೊಡ್ಡ ವ್ಯಾಪಾರ ಆಗಿಹೋಗಿತ್ತು, ಹಸಿಯದಕ್ಕಿಂತ ಲಾಭವೂ ಚೆನ್ನಾಗಿತ್ತು.

ಡುರಿಯನ್ನಿಗೂ ಇಂಥ ಅಡ್ಡದಾರಿ ಇದೆ. ಸಿಪ್ಪೆ ಒಡೆದದ್ದನ್ನು ತೊಳೆ ಬಿಡಿಸಿ ಫ್ರೀಜ್ ಮಾಡುತ್ತಾರೆ. ಗಟ್ಟಿ ಕಾಯಿ ಚಿಪ್ಸ್ ಆಗುತ್ತದೆ. ತೀರಾ ಹಣ್ಣಾಗಿದ್ದು ಬಾಣಲೆಗೆ ಬಿದ್ದು, ಗಂಟೆಗಟ್ಟಲೆ ಮಗುಚಿಸಿಕೊಂಡು, ಅಂಟಂಟು ಹಲ್ವಾ ಥರ ಆಗಿ ಪ್ಯಾಕೆಟ್ ಸೇರುತ್ತದೆ. ಗೋಣಿಚೀಲದವನ ಕೈತಪ್ಪಿದ ಕಾಯಿಯೂ ಹೀಗೆ ಯಾವುದೋ ಒಂದು ರೂಪದಲ್ಲಿ ಹಡಗು ಹತ್ತಬಹುದು. ಆದರೂ ಆ ವಿಡಿಯೋದಲ್ಲಿ ಅವನು ಒಂದನ್ನೂ ಬಿಡುವುದಿಲ್ಲ ನೋಡಿ.