ಅಳಿವೆ ದಾಟಿ ಸಮುದ್ರಕ್ಕೆ ಯಾಕೆ ಹೋಗಲ್ಲ?

ನನ್ನ ಹತ್ತಿರ ಹಾಯಿ ದೋಣಿ ಇದೆ ಅಂತ ಗೊತ್ತಾದವರು ಮೊದಲು ಕೇಳುವುದು ಇದನ್ನೇ. "ಸಮುದ್ರ ಕಣ್ಣೆದುರಿಗೇ ಇದೆ, ಹಾಯಿ ಇದೆ, ಗಾಳಿ ಇದೆ. ಆದರೂ ಹೊಳೆಯಲ್ಲೇ ಸುತ್ತುತ್ತೀರಲ್ಲ, ಅಳಿವೆ ದಾಟಿ ಹೊರಗೆ ಯಾಕೆ ಹೋಗಲ್ಲ?" ನೆಂಟರು ಕೇಳುತ್ತಾರೆ, ಗೋಕರ್ಣಕ್ಕೆ ಬಂದ ಬೆಂಗಳೂರಿನ ಹುಡುಗರು ಕೇಳುತ್ತಾರೆ. ಹೊಳೆ ಕಲಿಯುವವರಿಗೆ, ಸಮುದ್ರ ಕಲಿತವರಿಗೆ ಅನ್ನುವ ಎಣಿಕೆ ಆ ಪ್ರಶ್ನೆಯ ಹಿಂದೆ ಇರುತ್ತದೆ. ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ದೋಣಿ ಇರುವುದು ಅಘನಾಶಿನಿಯಲ್ಲಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿಗೆ ಬಂದಮೇಲೆ ಅಗಲವಾಗಿ ಹರಡಿಕೊಂಡು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುವ ಹೊಳೆ. ಹಾಗೆ ಸೇರುವ ಜಾಗವೇ ಅಳಿವೆ. ಇದಕ್ಕೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ದೋಣಿ 14 ಅಡಿ ಉದ್ದದ್ದು, ಮರದ್ದು. ಒಂದೇ ಕಂಬ, ಮೂರು ಮೂಲೆಯ ಒಂದೇ ಹಾಯಿ. ಗಾಳಿ ಬಿದ್ದುಹೋದರೆ ಹುಟ್ಟು ಹಾಕುತ್ತೇನೆ, ನೀರು ಕಡಿಮೆಯಾದರೆ ಬಿದಿರಿನ ಗಳ ಊರುತ್ತೇನೆ. ಎಂಜಿನ್ ಇಲ್ಲ. ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ. ಹೊಳೆಯೊಳಗೆ ಇದಕ್ಕಿಂತ ಒಳ್ಳೆಯ ದೋಣಿ ಬೇಕಿಲ್ಲ. ಅಳಿವೆ ಬಾಗಿಲಲ್ಲಿ ಮಾತ್ರ ಇದು ಸಾಲದು.

ಅಳಿವೆ ಬಾಗಿಲು ಎಂಥದ್ದು ಅಂತ ದಂಡೆಯಲ್ಲಿ ನಿಂತು ನೋಡಿದರೆ ತಿಳಿಯುವುದಿಲ್ಲ. ಹೊಳೆ ಹೊತ್ತು ತಂದ ಮರಳು, ಅಲೆಗಳು ತಳ್ಳಿ ತಂದ ಮರಳು ಎರಡೂ ಸೇರಿ ಅಲ್ಲಿ ನೀರಿನಡಿ ದಿಬ್ಬ ಎದ್ದಿರುತ್ತದೆ. ಆಳದ ನೀರಿನಲ್ಲಿ ಉದ್ದನೆಯ ಅಲೆ ದೋಣಿಯನ್ನು ಸುಮ್ನೆ ಎತ್ತಿ ಇಳಿಸುತ್ತದೆ. ಅದೇ ಅಲೆ ದಿಬ್ಬದ ಮೇಲೆ ಬಂದಾಗ ಎತ್ತರವಾಗಿ, ಕಡಿದಾಗಿ, ಮಗುಚಿ ಒಡೆಯುತ್ತದೆ. ಹೊಳೆಯ ನೀರು ಇಳಿತದಲ್ಲಿ ರಭಸವಾಗಿ ಹೊರಗೆ ನುಗ್ಗುತ್ತಿದ್ದರೆ ಇನ್ನೂ ಕಷ್ಟ. ಎದುರಿನಿಂದ ಬರುವ ಅಲೆಯನ್ನು ಆ ನೀರು ತಡೆಯುತ್ತದೆ. ಅಲೆಗಳ ನಡುವಿನ ಅಂತರ ಕಡಿಮೆಯಾಗುತ್ತದೆ, ಎತ್ತರ ಹೆಚ್ಚುತ್ತದೆ. 14 ಅಡಿ ದೋಣಿ ಒಂದು ಅಲೆಯಿಂದ ಇಳಿಯುವಷ್ಟರಲ್ಲಿ ಮುಂದಿನದು ಮೂತಿಯ ಮೇಲೆ ಬಿದ್ದಿರುತ್ತದೆ. ಆ ದಿಬ್ಬ ನಿಂತಲ್ಲಿ ನಿಲ್ಲುವುದೂ ಇಲ್ಲ. ಪ್ರತಿ ಮಳೆಗಾಲ ಕಳೆದಮೇಲೆ ದೋಣಿ ಹೋಗುವ ಆಳದ ದಾರಿ ಬೇರೆ ಕಡೆ ಸರಿದಿರುತ್ತದೆ. ಮೀನುಗಾರರು ದಿನಾ ಹೋಗಿಬಂದು ಅದನ್ನು ಕಂಡುಕೊಂಡಿರುತ್ತಾರೆ. ಅವರ ಬೋಟಿಗೆ ಎಂಜಿನ್ ಇರುತ್ತದೆ, ಎರಡು ಅಲೆಗಳ ನಡುವೆ ವೇಗ ಏರಿಸಿ ದಾಟುತ್ತಾರೆ. ಹಾಯಿಗೆ ಅಂಥ ವೇಗ ಬೇಕೆಂದಾಗ ಸಿಗುವುದಿಲ್ಲ.

ದಡದ ಹತ್ತಿರದ ಸಮುದ್ರ ಸುಲಭ ಅಂತ ತಿಳಿಯುವವರಿಗೆ 2019ರ ಜನವರಿಯನ್ನು ನೆನಪಿಸುತ್ತೇನೆ. ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ದಡದಿಂದ ಕಾಣುವಷ್ಟೇ ದೂರ ಅದು. ಹೊಳೆಯಾಗಲಿ ಸಮುದ್ರವಾಗಲಿ, ಲೈಫ್ ಜಾಕೆಟ್ ಹಾಕದವರನ್ನು ನಾನು ದೋಣಿಗೆ ಹತ್ತಿಸುವುದಿಲ್ಲ. ಈಜು ಬಂದರೂ ಅಷ್ಟೇ.

ಇದಿಷ್ಟು ಭಯದ ಕಡೆಯ ಉತ್ತರ. ಆದರೆ ನಾನು ಒಳಗೆ ಉಳಿಯುವುದು ಭಯಕ್ಕೆ ಅಲ್ಲ. ಹಾಯಿ ನಡೆಸುವ ಕೆಲಸ ಹೊಳೆಯೊಳಗೇ ಜಾಸ್ತಿ ಇದೆ, ಅದಕ್ಕೆ.

ಹಾಯಿ ದೋಣಿ ಗಾಳಿಗೆ ನೇರ ಎದುರಾಗಿ ಹೋಗದು. ಓರೆಯಾಗಿ ಒಂದು ಕಡೆ ಹೋಗಬೇಕು, ತಿರುಗಿ ಇನ್ನೊಂದು ಕಡೆ ಓರೆಯಾಗಿ ಹೋಗಬೇಕು. ಹೊಸ ನಮೂನೆಯ ದೋಣಿಗಳು ಗಾಳಿಗೆ ಸುಮಾರು 45 ಡಿಗ್ರಿ ಓರೆಯಲ್ಲಿ ಹೋಗುತ್ತವೆ, ನನ್ನ ಹಾಯಿಗೆ ಅದಕ್ಕಿಂತ ಜಾಸ್ತಿ ಓರೆ ಬೇಕು. ಸಮುದ್ರದಲ್ಲಾದರೆ ಒಂದೇ ಓರೆಯಲ್ಲಿ ಗಂಟೆಗಟ್ಟಲೆ ಹೋಗಬಹುದು. ಚುಕ್ಕಾಣಿ ಹಿಡಿದು ಕೂತರಾಯಿತು. ಹೊಳೆಯಲ್ಲಿ ಸ್ವಲ್ಪ ಹೊತ್ತಿಗೇ ದಂಡೆ ಬರುತ್ತದೆ. ತಿರುಗಿಸಬೇಕು, ಹಾಯಿಯನ್ನು ಆಚೆ ಬದಿಗೆ ತರಬೇಕು, ತೂಕ ಬದಲಿಸಿ ಕೂರಬೇಕು. ಅಷ್ಟರಲ್ಲಿ ಎದುರು ದಂಡೆಯ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು ಹತ್ತಿರ ಬಂದಿರುತ್ತವೆ. ತಿರುವಿನಲ್ಲಿ ಗುಡ್ಡ ಅಡ್ಡ ಬಂದರೆ ಗಾಳಿ ತಟ್ಟನೆ ಸಾಯುತ್ತದೆ, ಗುಡ್ಡ ದಾಟಿದ ಕೂಡಲೇ ಬೇರೆ ದಿಕ್ಕಿನಿಂದ ಬಡಿಯುತ್ತದೆ. ಎಲ್ಲಿ ಬಲೆ ಕಟ್ಟಿದ್ದಾರೆ, ಎಲ್ಲಿ ಗೂಟ ಹುಗಿದಿದ್ದಾರೆ ಅನ್ನುವುದನ್ನೂ ನೋಡುತ್ತಿರಬೇಕು. ಬಲೆಯ ಮೇಲೆ ದೋಣಿ ಹಾಯಿಸುವುದು ಅವರ ಅನ್ನಕ್ಕೆ ಕೈ ಹಾಕಿದ ಹಾಗೆ. ಸುತ್ತಿ ಹೋಗುವುದು ತಡವಾದರೂ ಸರಿ.

ಇದೆಲ್ಲದರ ಕೆಳಗೆ ನೀರೇ ನಡೆಯುತ್ತಿರುತ್ತದೆ. "ಮೊದ್ಲು ನೀರು ನೋಡು ತಮಾ, ಗಾಳಿ ಆಮೇಲೆ" ಅಂತ ಜನರನ್ನು ಹೊಳೆ ದಾಟಿಸುವ ತಾರಿ ದೋಣಿ ನಡೆಸುತ್ತಿದ್ದ ಅಂಬಿಗರ ಹಿರಿಯರೊಬ್ಬರು ನನಗೆ ಹೇಳಿಕೊಟ್ಟಿದ್ದರು. ಹೊಳೆ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ನೀರು ನೋಡುವುದು ಹೇಗೆ? ಲಂಗರು ಹಾಕಿದ ದೋಣಿಗಳು ಎತ್ತ ಮುಖ ಮಾಡಿವೆ ನೋಡಿ. ಕಾಂಡ್ಲದ ಬೇರಿನ ಮೇಲೆ ಹಸಿ ಗೆರೆ ನೀರಿಗಿಂತ ಮೇಲಿದ್ದರೆ ಇಳಿತ ಶುರುವಾಗಿದೆ. ಒಣ ಬೇರನ್ನೇ ನೀರು ಮುಟ್ಟುತ್ತಿದ್ದರೆ ಉಬ್ಬರ. ಉಬ್ಬರ ಒಳಗೆ ಬರುವಾಗ ಹೊಳೆಯ ನಡುವೆ ಉದ್ದಕ್ಕೆ ಒಂದು ನೊರೆಯ ಗೆರೆ ಕಾಣುವುದುಂಟು. ಒಣ ಎಲೆ, ತೆಂಗಿನ ಸಿಪ್ಪೆ, ಕಡ್ಡಿ ಕಸ ಎಲ್ಲ ಆ ಗೆರೆಗೆ ಬಂದು ಸೇರಿರುತ್ತದೆ. ಗೆರೆಯ ಒಂದು ಬದಿ ಹಸಿರು ನೀರು, ಇನ್ನೊಂದು ಬದಿ ಮಣ್ಣಿನ ಬಣ್ಣ. ದೋಣಿ ಅದನ್ನು ದಾಟುವಾಗ ಚುಕ್ಕಾಣಿ ಒಂದು ಕ್ಷಣ ಸಡಿಲವಾಗುತ್ತದೆ, ಆಮೇಲೆ ಮತ್ತೆ ಬಿಗಿಯಾಗುತ್ತದೆ.

ಮಳೆಗಾಲ ಮುಗಿದ ಮೊದಲ ತಿಂಗಳುಗಳಲ್ಲಿ ಇನ್ನೊಂದು ನೋಡಬಹುದು. ಸಿಹಿನೀರು ಹಗುರ, ಮೇಲಿರುತ್ತದೆ. ಉಪ್ಪುನೀರು ಭಾರ, ಅಡಿಯಲ್ಲಿ ನುಸುಳುತ್ತದೆ. ಮೇಲಿನ ನೀರು ಇನ್ನೂ ಹೊರಗೆ ಹೋಗುತ್ತಿರುವಾಗಲೇ ಅಡಿಯ ನೀರು ಒಳಗೆ ಬರಲು ಶುರುಮಾಡಿರುತ್ತದೆ. ದೋಣಿ ನಿಲ್ಲಿಸಿ ಉದ್ದನೆಯ ಗಳ ಇಳಿಸಿ. ಮೇಲ್ಭಾಗವನ್ನು ನೀರು ಸಮುದ್ರದ ಕಡೆ ನೂಕುತ್ತಿರುತ್ತದೆ, ತುದಿಯನ್ನು ಘಟ್ಟದ ಕಡೆ. ಎರಡೂ ಎಳೆತ ಒಂದೇ ಹೊತ್ತಿಗೆ ಅಂಗೈಗೆ ಸಿಗುತ್ತದೆ. ನನಗೆ ಇದು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ.

ಗಾಳಿಗೂ ಇಲ್ಲಿ ಒಂದು ದಿನಚರಿ ಇದೆ. ನವೆಂಬರಿನಿಂದ ಮೇ ತನಕ ಹೊತ್ತೇರಿದಮೇಲೆ ಸಮುದ್ರದಿಂದ ಗಾಳಿ ಏಳುತ್ತದೆ, ಮಧ್ಯಾಹ್ನ ಜೋರಾಗುತ್ತದೆ, ಸೂರ್ಯ ಮುಳುಗುವಾಗ ಸಾಯುತ್ತದೆ. ರಾತ್ರಿ ಕಳೆದು ಬೆಳಗಿನ ಜಾವಕ್ಕೆ ಘಟ್ಟದ ಕಡೆಯಿಂದ ತಣ್ಣನೆಯ ಗಾಳಿ ಇಳಿಯುತ್ತದೆ. ಅಂದರೆ ಮಧ್ಯಾಹ್ನದ ಗಾಳಿ ದೋಣಿಯನ್ನು ಮೇಲಕ್ಕೆ ಒಯ್ಯುತ್ತದೆ, ಬೆಳಗಿನ ಗಾಳಿ ಕೆಳಕ್ಕೆ ತರುತ್ತದೆ. ರಸ್ತೆ, ಸೇತುವೆ ಇಲ್ಲದ ಕಾಲದಲ್ಲಿ ಕರಾವಳಿಯ ವ್ಯಾಪಾರ ನಡೆದದ್ದು ಇದೇ ಲೆಕ್ಕದ ಮೇಲೆ. ಉಪ್ಪು, ಮೀನು ಮೇಲಕ್ಕೆ ಹೋಗುತ್ತಿತ್ತು. ಮೆಣಸು, ಅಡಿಕೆ ಕೆಳಕ್ಕೆ ಬರುತ್ತಿತ್ತು. ಮಿರ್ಜಾನಿನ ಕೋಟೆ ಈ ಹೊಳೆಯ ಬದಿಗೇ ಇರುವುದು ಸುಮ್ನೆ ಅಲ್ಲ. ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತ ಕರೆದರು. ಆ ಮೆಣಸು ಹಡಗು ಸೇರುವ ಮುಂಚೆ ಇಂಥ ಹೊಳೆಗಳಲ್ಲೇ ದೋಣಿ ಹತ್ತಿ ಬರಬೇಕಿತ್ತು. ಪಕ್ಕದ ಶರಾವತಿಯಲ್ಲಿ 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಹೊನ್ನಾವರದಿಂದ ಗೇರುಸೊಪ್ಪೆಗೆ ಹೋದದ್ದೂ ದೋಣಿಯಲ್ಲೇ.

ಶರಾವತಿಯ ಮಾತು ಬಂತು. ಅಲ್ಲೂ ನಾನು ಹಾಯಿ ಕಟ್ಟುತ್ತೇನೆ, ನೀರು ಮಾತ್ರ ಬೇರೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ವಿದ್ಯುತ್ತಿಗೆ ಬಿಟ್ಟ ನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತದೆ. ಹಾಗಾಗಿ ಅಲ್ಲಿಯ ಅಳಿವೆಯಲ್ಲಿ ಉಪ್ಪು ಕಡಿಮೆ, ಬಳಚು ಅನ್ನುವ ಚಿಪ್ಪುಮೀನೂ ಕಡಿಮೆ. ಅಘನಾಶಿನಿಯಲ್ಲಿ ಬೇಸಿಗೆ ಬಂದಂತೆ ಉಪ್ಪು ಮೇಲೇರುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಅದಕ್ಕೇ ಇಲ್ಲಿ ಬಳಚು ಇಷ್ಟು ಸಮೃದ್ಧ. ಅದಕ್ಕೇ ಉಪ್ಪುನೀರು ಹತ್ತುವ ಗಜನಿ ಗದ್ದೆಗಳಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಉಳಿದಿದೆ, ಸಾಣಿಕಟ್ಟೆಯಲ್ಲಿ ಉಪ್ಪಿನಾಗರ ನಡೆದಿದೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ತುಂಬ ಖುಷಿಯಾಯಿತು. ಹೊಳೆಯನ್ನು ಹೊಳೆಯಾಗಿಯೇ ಬಿಡುವುದಕ್ಕೆ ಅದೊಂದು ಬಲ ಕೊಟ್ಟರೆ ಸಾಕು.

ಇಳಿತದಲ್ಲಿ ಮಣ್ಣಿನ ದಿಬ್ಬಗಳು ಮೇಲೆದ್ದಾಗ ನನ್ನ ದೋಣಿ ಎಲ್ಲೋ ಒಂದು ಕಡೆ ತಳ ಊರಿ ಕೂರುತ್ತದೆ. ಆಗ ಬಳಚು ಹೆಕ್ಕುವವರು ಸುತ್ತ ಬರುತ್ತಾರೆ. ಸೊಂಟದ ತನಕ ನೀರಿನಲ್ಲಿ ನಿಂತು, ಕಾಲಿನಲ್ಲೇ ಮಣ್ಣು ಕೆದಕಿ, ಬೆರಳಿಗೆ ತಾಗಿದ ಕೂಡಲೇ ಬಗ್ಗಿ ಎತ್ತುತ್ತಾರೆ. ಹಗ್ಗ ಕಟ್ಟಿದ ಪಾತ್ರೆಯೊಂದು ಪಕ್ಕದಲ್ಲಿ ತೇಲುತ್ತಿರುತ್ತದೆ. ನೀರು ತಿರುಗುವ ಹೊತ್ತು ನನಗಿಂತ ಅವರಿಗೇ ಮೊದಲು ಗೊತ್ತಾಗುತ್ತದೆ. ಅವರು ದಂಡೆಯ ಕಡೆ ಹೊರಟರೆ ನಾನು ಹಾಯಿ ಬಿಚ್ಚಲು ಶುರುಮಾಡುತ್ತೇನೆ.

ಮಳೆಗಾಲದಲ್ಲಿ ಹಾಯಿ ಇಲ್ಲ. ಕೆಂಪು ನೀರಿನಲ್ಲಿ ಮರದ ದಿಮ್ಮಿಗಳು ತೇಲಿ ಬರುತ್ತವೆ. ದೋಣಿಯನ್ನು ಮೇಲೆಳೆದು, ಗೇರು ಸಿಪ್ಪೆಯ ಎಣ್ಣೆ ಬಳಿದು, ಮುಚ್ಚಿಡುತ್ತೇನೆ.

"ಹಾಗಾದ್ರೆ ಯಾವತ್ತೂ ಹೊರಗೆ ಹೋಗೋಕೆ ಆಗಲ್ವಾ?" ಅಂತ ಕೇಳಿದರೆ, ಆಗುತ್ತದೆ. ಅದಕ್ಕೆ ದಿನ ನೋಡಬೇಕು. ಹುಣ್ಣಿಮೆ, ಅಮಾವಾಸ್ಯೆಗೆ ನಮ್ಮ ಕಡೆ ಉಬ್ಬರ ಪೂರ್ತಿಯಾಗುವುದು ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೆ. ನೀರು 2 ಮೀಟರಿನ ಹತ್ತಿರ ಏರಿಳಿಯುತ್ತದೆ. ಆಮೇಲೆ ಜೋರು ಇಳಿತ ಹೊರಗೆ ನುಗ್ಗುವಾಗಲೇ ಸಮುದ್ರದ ಗಾಳಿ ಎದುರಿಗೆ ಬಂದಿರುತ್ತದೆ. ಅಳಿವೆ ಬಾಗಿಲಿನ ಅತಿ ಕೆಟ್ಟ ಹೊತ್ತು ಅದು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗಿರುತ್ತದೆ. ನೀರಿನ ಏರಿಳಿತವೇ ಕಡಿಮೆ. ಬೆಳಗಿನ ಜಾವ ಉಬ್ಬರ ತುಂಬಿರುತ್ತದೆ, ದಿಬ್ಬದ ಮೇಲೆ ನೀರಿರುತ್ತದೆ. ಘಟ್ಟದ ಗಾಳಿ, ಮೆಲ್ಲನೆಯ ಇಳಿತ ಎರಡೂ ಹೊರಗಿನ ಕಡೆಗೇ. ಮಧ್ಯಾಹ್ನ ಉಬ್ಬರವೂ ಸಮುದ್ರದ ಗಾಳಿಯೂ ಒಟ್ಟಿಗೆ ಒಳಗೆ ಕರೆತರುತ್ತವೆ. ಜನವರಿ, ಫೆಬ್ರವರಿಯ ಅಂಥ ದಿನ, ದಾರಿ ಗೊತ್ತಿರುವ ಮೀನುಗಾರರೊಬ್ಬರನ್ನು ಕೂರಿಸಿಕೊಂಡರೆ ಈ ಸಣ್ಣ ದೋಣಿಯೂ ದಾಟಬಹುದು.

ಆದರೆ ಅದೇ ದಿನ ಹೊಳೆಯಲ್ಲಿ ಮೇಲಕ್ಕೆ ಹೋಗುವುದಕ್ಕೂ ಅಷ್ಟೇ ಒಳ್ಳೆಯದು. ಮಧ್ಯಾಹ್ನವಿಡೀ ಗಾಳಿ ಬೆನ್ನಿಗೆ, ನೀರು ಬೆನ್ನಿಗೆ. ದಿವಗಿಯ ಹತ್ತಿರ ರೈಲು ಸೇತುವೆ, ಹೆದ್ದಾರಿ ಸೇತುವೆ ಬಂದಾಗ ಹಾಯಿ ಸುತ್ತಿ ಕಂಬ ಇಳಿಸಿಕೊಂಡರೆ, ಸೇತುವೆಯ ಕಂಬಗಳ ನಡುವೆ ಸೆಳೆಯುವ ನೀರೇ ದೋಣಿಯನ್ನು ಆಚೆ ದಾಟಿಸುತ್ತದೆ. ಅಲ್ಲಿಂದ ಮುಂದೆ ಹೊಳೆ ಕಿರಿದಾಗುತ್ತದೆ, ಗುಡ್ಡಗಳು ಹತ್ತಿರ ಬರುತ್ತವೆ. ಉಪ್ಪಿನಪಟ್ಟಣದ ಕಡೆ ಹೋಗುತ್ತ ಹೋಗುತ್ತ ನೀರಿನ ಉಪ್ಪು ಕಡಿಮೆಯಾಗುವುದು ನಾಲಿಗೆಗೇ ತಿಳಿಯುತ್ತದೆ. ರಾತ್ರಿ ಯಾವುದಾದರೂ ಊರಿನ ಧಕ್ಕೆಯಲ್ಲಿ ದೋಣಿ ಕಟ್ಟಿ, ಬೆಳಗಿನ ಗಾಳಿಗೆ ವಾಪಸ್. ತಿಂಗಳಿಗೆ ಎರಡೇ ಅಷ್ಟಮಿ. ಎರಡರಲ್ಲಿ ಒಂದನ್ನು ಅಳಿವೆ ದಾಟಲಿಕ್ಕೆ ಕೊಟ್ಟರೆ ಮೇಲಿನ ಹೊಳೆಗೆ ಒಂದು ಕಡಿಮೆಯಾಗುತ್ತದೆ. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ.

ಬರುವ ಅಷ್ಟಮಿಗೂ ಹೊರಡುವುದು ಮೇಲಕ್ಕೇ. ತದಡಿಯಿಂದ ಮಧ್ಯಾಹ್ನ, ಇಳಿತ ಮುಗಿದ ಕೂಡಲೇ. ಬರುವವರಿದ್ದರೆ ಬನ್ನಿ. ಲೈಫ್ ಜಾಕೆಟ್ ನನ್ನ ಹತ್ತಿರ ಇದೆ, ಟೊಪ್ಪಿ ಮತ್ತು ಕುಡಿಯುವ ನೀರು ನೀವು ತನ್ನಿ.