ಪವರ್ ಸಪ್ಲೈ ಡಬ್ಬಿಯ ದೀಪ

ರಾತ್ರಿ ಹತ್ತೂವರೆಗೆ ಕ್ಯಾಮೆರಾ ಪರದೆಯಲ್ಲಿ ಮಸುಕಾದ ಬೆಳಕು ಕಂಡಾಗ ಕತ್ತಲೆ ಲ್ಯಾಬಿನಲ್ಲಿ ಒಬ್ಬಳೇ ಕೂಗಿಬಿಟ್ಟೆ. ಮೂರು ತಿಂಗಳಿಂದ ಇದಕ್ಕೇ ಕಾದಿದ್ದೆ.

ನನ್ನ ಸ್ಯಾಂಪಲ್ ಅಂದರೆ ಗಾಜಿನ ಮೇಲೆ ಸಾಲಾಗಿ ನಿಂತ ಸಿಲಿಕಾನ್ ಬಿಲ್ಲೆಗಳು, ಒಂದೊಂದೂ ಅರ್ಧ ಮೈಕ್ರಾನಿಗಿಂತ ತುಸು ಅಗಲ. ಅವುಗಳ ಮೇಲೆ ಕಣ್ಣಿಗೆ ಕಾಣದ 1550 ನ್ಯಾನೋಮೀಟರಿನ ಲೇಸರ್ ಬಿಡಬೇಕು. ಮೂರು ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಕೂಡಿ ಒಂದಾದರೆ ತರಂಗಾಂತರ ಮೂರನೇ ಒಂದಕ್ಕಿಳಿದು 517ರ ಹಸಿರು ಹೊಮ್ಮುತ್ತದೆ. "ಎರಡೇ ಕೂಡಿದ್ರೆ ಸಾಲ್ದಾ?" ಅಂತ ತಂಗಿ ಕೇಳಿದ್ದಳು. ಸಾಲದು. ಸಿಲಿಕಾನಿನ ಒಳಗೆ ಪರಮಾಣುಗಳ ಜೋಡಣೆ ನಡುಬಿಂದುವಿನಿಂದ ಯಾವ ದಿಕ್ಕಿಗೆ ನೋಡಿದರೂ ಅದರ ಎದುರು ದಿಕ್ಕಿಗೆ ಸಮ, ಅಲ್ಲಿ ಎರಡರ ಆಟ ನಡೆಯುವುದಿಲ್ಲ. ಮೂರರದು ನಡೆಯುತ್ತದೆ, ಆದರೆ ತೀರಾ ಕ್ಷೀಣ. ಬಿಲ್ಲೆಯ ಅಳತೆ ಕೂಡಿಬಂದರೆ ಮಾತ್ರ ಬೆಳಕು ಅದರೊಳಗೆ ಸಿಕ್ಕಿಕೊಂಡು ತೀವ್ರವಾಗಿ, ಹಸಿರು ಕಾಣುವಷ್ಟಾಗುತ್ತದೆ.

ಸರ್‌ಗೆ ಫೋಟೊ ಕಳಿಸಿದೆ. ಅಭಿನಂದನೆ ಬರಲಿಲ್ಲ. "ಪವರ್ ಅರ್ಧ ಮಾಡಿ ನೋಡಿದ್ಯೇನಮ್ಮಾ?"

ಮೂರು ಫೋಟಾನು ಕೂಡಬೇಕಾದ್ದರಿಂದ, ಪವರ್ ಅರ್ಧವಾದರೆ ಹಸಿರು ಅರ್ಧದ ಅರ್ಧದ ಅರ್ಧಕ್ಕೆ, ಎಂಟನೇ ಒಂದಕ್ಕೆ ಬೀಳಬೇಕು. ನನ್ನ ಬೆಳಕು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಲೇಸರನ್ನೇ ಮುಚ್ಚಿದೆ. ಆಗಲೂ ಅಷ್ಟೇ.

ಹುಡುಕುತ್ತಾ ಹೋದರೆ ಟೇಬಲ್ಲಿನ ಮೂಲೆಯ ಪವರ್ ಸಪ್ಲೈ ಡಬ್ಬಿಯಲ್ಲಿ ಸಾಸಿವೆ ಗಾತ್ರದ ಹಸಿರು ಎಲ್‌ಇಡಿ! ಲೆನ್ಸ್ ನಿಲ್ಲಿಸಿದ ಉಕ್ಕಿನ ಕಂಬಕ್ಕೆ ಬಡಿದು, ಹಸಿರನ್ನಷ್ಟೇ ಬಿಡುವ ನನ್ನ ಫಿಲ್ಟರನ್ನು ರಾಜಾರೋಷವಾಗಿ ದಾಟಿ ಕ್ಯಾಮೆರಾ ಸೇರುತ್ತಿತ್ತು. ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದೆ. ಪರದೆ ಕತ್ತಲಾಯಿತು.

1961ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ತಂಡ ಮಾಣಿಕ್ಯದ ಲೇಸರನ್ನು ಕ್ವಾರ್ಟ್ಸ್ ಹರಳಿಗೆ ಬಿಟ್ಟು, ಎರಡೆರಡು ಫೋಟಾನು ಕೂಡಿಸಿ 694 ನ್ಯಾನೋಮೀಟರನ್ನು 347ಕ್ಕೆ ಇಳಿಸಿತ್ತು. ಫೋಟೊದಲ್ಲಿದ್ದ ಆ ಬೆಳಕಿನ ಪುಟ್ಟ ಚುಕ್ಕಿಯನ್ನು ಸಂಶೋಧನಾ ಪತ್ರಿಕೆಯವರು ಕೊಳೆ ಅಂದುಕೊಂಡು ಅಳಿಸಿದರಂತೆ. ಅಚ್ಚಾದ ಚಿತ್ರದಲ್ಲಿ ಬಾಣದ ಗುರುತು ಖಾಲಿ ಜಾಗವನ್ನು ತೋರಿಸುತ್ತದೆ. ನನ್ನದು ಅದರ ಉಲ್ಟಾ.

ನಿಜವಾದದ್ದು ಸಿಕ್ಕಿದ್ದು ಹದಿನೈದು ದಿನ ಬಿಟ್ಟು. ಸ್ಯಾಂಪಲನ್ನು ಸಾಲಿನಿಂದಾಚೆ, ಬರೀ ಗಾಜಿನ ಕಡೆ ಸರಿಸಿದರೆ ಮಾಯ, ಈಚೆ ತಂದರೆ ಹಾಜರು. ಪವರ್ ಅರ್ಧಕ್ಕಿಳಿಸಿದೆ. 4100 ಇದ್ದ ಕ್ಯಾಮೆರಾ ಎಣಿಕೆ 530ಕ್ಕೆ, ಹೆಚ್ಚುಕಡಿಮೆ ಎಂಟನೇ ಒಂದಕ್ಕೆ, ಬಿತ್ತು. ಈ ಸಲ ಫೋಟೊ ಬಿಟ್ಟು ಗ್ರಾಫ್ ಕಳಿಸಿದೆ.

"ಟೇಪ್ ಇನ್ನೂ ಅಲ್ಲೇ ಇದೆ ತಾನೇ?" ಅಂದರು ಸರ್.